ಬಿರುಕು ಮುಚ್ಚುವ ಎಣ್ಣೆ

"ಅಜ್ಜಾರ, ಟೈರಿನ ರಬ್ಬರು ಒಡೀಬಾರದು ಅಂದ್ರ ಈ ಎರಡರಾಗ ಯಾವುದು ಹಚ್ಚಲಿ?"

ಶಿಷ್ಯ ಸಂಗಯ್ಯ ಗುರುಗಳ ಮುಂದೆ ಎರಡು ಡಬ್ಬಿ ಇಟ್ಟು ಹೀಗೆ ಕೇಳಿದ. ಮಠದ ಜೀಪನ್ನು ನೋಡಿಕೊಳ್ಳುವವನು ಅವನೇ, ಗುರುಗಳನ್ನು ಹಳ್ಳಿ ಹಳ್ಳಿಗೆ ಕರೆದೊಯ್ಯುವವನೂ ಅವನೇ. ಒಂದು ಡಬ್ಬಿಯದನ್ನು ಹಚ್ಚಿದರೆ ಟೈರು ಕೂಡಲೇ ಕರ್ರಗೆ ಮಿಂಚುತ್ತಿತ್ತು. ಇನ್ನೊಂದು ಹಾಲಿನ ಹಾಗೆ ತೆಳ್ಳಗಿತ್ತು. ಒಣಗಿದ ಮೇಲೆ ಅದನ್ನು ಹಚ್ಚಿದ್ದೇ ತಿಳಿಯುತ್ತಿರಲಿಲ್ಲ. ಅಂಗಡಿಯವನು ಎರಡನ್ನೂ ಹೊಗಳಿ ಕಳಿಸಿದ್ದ.

ಗುರುಗಳು ನಕ್ಕರು. "ಅಂಗಡಿಯವನ್ನ ಕೇಳಿದಿ, ನನ್ನ ಕೇಳಿದಿ. ಟೈರನ್ನ ಕೇಳಿದಿ ಏನು? ಇರಲಿ, ಕೂಡು. ಒಬ್ಬ ಜೀಪಿನವನ ಕತೆ ಹೇಳ್ತೀನಿ."

ಅವರು ಹೇಳಿದ ಕತೆ ಇದು.

ಒಂದೂರಿನಲ್ಲಿ ಒಬ್ಬ ಜೀಪಿನವನಿದ್ದ. ಗುಡ್ಡದ ಆಚೆಯ ಊರಿಗೆ ಜನರನ್ನು ಸಾಗಿಸಿ ಹೊಟ್ಟೆ ಹೊರೆಯುತ್ತಿದ್ದ. ಅವನಿಗೆ ಹೆಂಡತಿಯೊಬ್ಬಳೇ ದಿಕ್ಕು, ಅವಳಿಗೆ ಅವನೊಬ್ಬನೇ. ಅವಳು ಹಗಲೆಲ್ಲ ಇಟ್ಟಿಗೆ ಭಟ್ಟಿಯಲ್ಲಿ ಬರಿಗಾಲಿನಲ್ಲಿ ಮಣ್ಣು ತುಳಿಯುತ್ತಿದ್ದಳು. ಹಿಮ್ಮಡಿಗಳು ಒಡೆದು ಸೀಳು ಸೀಳಾಗಿದ್ದವು. ಸಂಜೆ ಗಂಡ ಬಂದು ಕೂತರೆ ಕಾಲು ಚಾಚಿ, "ಉರಿಯಾಕ ಹತ್ಯಾವ್ರೀ" ಎನ್ನುತ್ತಿದ್ದಳು. ಮಾತು ಕಾಲಿನಿಂದ ಶುರುವಾಗಿ ತವರಿಗೆ ಹೋಗುತ್ತಿತ್ತು, ಅಲ್ಲಿಂದ ಸೋರುವ ಮಾಳಿಗೆಗೆ ಬರುತ್ತಿತ್ತು, ಕೊನೆಗೆ ಅವನು ಊಟಕ್ಕೆ ತಡಮಾಡಿದ್ದರಲ್ಲಿ ಮುಗಿಯುತ್ತಿತ್ತು. ಅವನು ಗೊಣಗುತ್ತ ಕೇಳುತ್ತಿದ್ದ. ಗೊಣಗಿದರೂ ಕೇಳುತ್ತಿದ್ದ. ಅವಳೆಂದರೆ ಅವನಿಗೆ ಪ್ರಾಣ.

ಆ ಊರಿನ ಜೀಪು ನಿಲ್ಲುವ ಜಾಗದಲ್ಲಿ ಒಂದು ರೂಢಿಯಿತ್ತು. ಜನ ಜೀಪು ಹತ್ತುವ ಮೊದಲು ಟೈರು ನೋಡುವರು. ಕರ್ರಗೆ ಮಿಂಚುವ ಟೈರಿನ ಜೀಪು ಮೊದಲು ತುಂಬುವುದು. ಬಣ್ಣ ಮಾಸಿದ ಟೈರಿನವನು ಮಧ್ಯಾಹ್ನದ ತನಕ ನೊಣ ಹೊಡೆಯುತ್ತ ಕೂರಬೇಕು. ಹೀಗಾಗಿ ಅಮಾವಾಸ್ಯೆ ಬಂತೆಂದರೆ ಎಲ್ಲರೂ ಜೀಪು ತೊಳೆದು ಪೂಜೆ ಮಾಡಿ, ಸುಟ್ಟ ಎಂಜಿನ್ ಎಣ್ಣೆಗೆ ಡೀಸೆಲ್ ಬೆರೆಸಿ ಟೈರಿಗೆ ಬಳಿಯುತ್ತಿದ್ದರು. ನೋಡುವವರಿಗೆ ಅದು ಹೊಸ ಟೈರು. ರಬ್ಬರಿಗೆ ಮಾತ್ರ ವಿಷ. ಡೀಸೆಲ್ ಕುಡಿದ ರಬ್ಬರು ಮೊದಲು ಉಬ್ಬುತ್ತದೆ, ಆಮೇಲೆ ಒಣಗಿ ಸೀಳುತ್ತದೆ.

ಅಲ್ಲೇ ಪಕ್ಕದಲ್ಲಿ ಪಂಕ್ಚರ್ ಹಾಕುವ ಒಬ್ಬ ಮುದುಕನಿದ್ದ. ಅವನು ಎಲ್ಲರಿಗೂ ಹೇಳಿ ಹೇಳಿ ಸೋತಿದ್ದ. "ಟೈರಿನ ಮ್ಯಾಲೆ ಕಂದು ಬಣ್ಣ ಏಳ್ತೈತಲ್ಲ, ಅದು ಹೊಲಸಲ್ಲೋ ತಮ್ಮಾ. ರಬ್ಬರಿನ ಒಳಗಿನ ಮೇಣ. ಬಿಸಲಿಗೆ ಒಡೀಬಾರದಂತ ತಾನಾಗೇ ಹೊರಗ ಬರ್ತೈತಿ. ಗಾಲಿ ಉರುಳಿದಷ್ಟೂ ಬರ್ತೈತಿ. ನೀವು ಅದನ್ನ ತಿಕ್ಕಿ ತೆಗೆದು ಡೀಸೆಲ್ ಬಳೀತೀರಿ." ಅವನ ಹತ್ತಿರ ಹಾಲಿನಂಥ ಒಂದು ದ್ರವ ಇತ್ತು. ಬಟ್ಟೆಯಲ್ಲಿ ತೆಳ್ಳಗೆ ಒರೆಸಿದರೆ ಬಿಸಿಲನ್ನು ತಡೆಯುತ್ತಿತ್ತು, ಮೇಣವನ್ನು ಕಾಯುತ್ತಿತ್ತು. ಆದರೆ ಹೊಳೆಯುತ್ತಿರಲಿಲ್ಲ. ಹೊಳೆಯದಿದ್ದನ್ನು ಯಾರು ತೆಗೆದುಕೊಳ್ಳುತ್ತಾರೆ? ಜೀಪಿನವನೂ ಮುದುಕನ ಮಾತಿಗೆ ಹೂಂಗುಟ್ಟಿ ಮರೆತುಬಿಟ್ಟಿದ್ದ.

ಒಂದು ದಿನ ನಡುಹಗಲು. ಬಿಸಿಲಿಗೆ ಜನರೆಲ್ಲ ಒಳಗೆ ಸೇರಿದ್ದರು. ಒಬ್ಬ ಅಪರಿಚಿತ ಬಂದು ಜೀಪಿನ ಪಕ್ಕ ನಿಂತ. ತಲೆಗೂದಲು ಪೂರ್ತಿ ಬಿಳಿ. ಮುಖದಲ್ಲಿ ಮಾತ್ರ ಒಂದು ಗೆರೆಯೂ ಇರಲಿಲ್ಲ. ಅವನು ಟೈರನ್ನು ನೋಡಿ ಚೀಲದಿಂದ ಹೆಸರಿಲ್ಲದ ಒಂದು ಡಬ್ಬಿ ತೆಗೆದ.

"ಇದನ್ನ ಹಚ್ಚು. ಬಿರುಕು ಕಾಣಾಂಗಿಲ್ಲ."

"ಏನು ಕೊಡಬೇಕ್ರೀ?"

"ನೀ ಏನೂ ಕೊಡಬ್ಯಾಡ."

ಡಬ್ಬಿ ಕೊಡಲು ಅವನು ಕೈ ಚಾಚಿದಾಗ ಜೀಪಿನವನು ಅವನ ಅಂಗೈ ಕಂಡ. ಅದರಲ್ಲಿಯೂ ಗೆರೆಗಳಿರಲಿಲ್ಲ. ಆದರೂ ಕೈ ಡಬ್ಬಿಯನ್ನು ತೆಗೆದುಕೊಂಡಿತು. ಪುಕ್ಕಟೆ ಸಿಕ್ಕಿದ್ದನ್ನು ಬೇಡವೆನ್ನಲು ಕೈಗೆ ಯಾರೂ ಕಲಿಸಿರುವುದಿಲ್ಲ, ಸಂಗಯ್ಯ.

ಎಣ್ಣೆ ಹಚ್ಚಿದ. ಅವನ ಕಣ್ಣೆದುರೇ ಬಿರುಕುಗಳು ಕೂಡಿಕೊಂಡವು. ಟೈರು ಆಗತಾನೆ ಕಾರ್ಖಾನೆಯಿಂದ ಬಂದಂತೆ ಕಂಡಿತು. ಅಂದಿನಿಂದ ಅವನ ಜೀಪೇ ಮೊದಲು ತುಂಬತೊಡಗಿತು. ಡಬ್ಬಿಯ ಎಣ್ಣೆ ಎಷ್ಟು ತೆಗೆದರೂ ಕಡಿಮೆಯಾಗಲಿಲ್ಲ. ಅವನು ಮನೆಯ ಗೋಡೆಯ ಬಿರುಕಿಗೆ ಒಂದು ಹನಿ ಸವರಿದ. ಗೋಡೆ ನುಣುಪಾಯಿತು. ಒಡೆದ ಕನ್ನಡಿಗೆ ಸವರಿದ. ಕನ್ನಡಿ ಒಂದಾಯಿತು.

ಒಂದು ಸಂಜೆ ಹೆಂಡತಿ ಎಂದಿನಂತೆ ಕಾಲು ಚಾಚಿದಳು. "ಉರಿಯಾಕ ಹತ್ಯಾವ್ರೀ."

"ತಾ ಇಲ್ಲಿ" ಎಂದು ಅವನು ಪ್ರೀತಿಯಿಂದಲೇ ಎರಡೂ ಹಿಮ್ಮಡಿಗೆ ಎಣ್ಣೆ ಸವರಿದ. ಹಿಮ್ಮಡಿಗಳು ಹಸುಗೂಸಿನ ಪಾದದ ಹಾಗಾದವು. ಅವಳು ನೋಡಿ ನಕ್ಕಳು.

ಮರುದಿನ ಅವಳು ಕಾಲು ಚಾಚಲಿಲ್ಲ. ಅದರ ಮರುದಿನವೂ ಇಲ್ಲ. ತವರಿನ ಮಾತಿಲ್ಲ, ಮಾಳಿಗೆಯ ಮಾತಿಲ್ಲ. ಅವನು ಎಷ್ಟು ತಡವಾಗಿ ಬಂದರೂ ನಗುತ್ತ ತಟ್ಟೆ ಇಡುತ್ತಿದ್ದಳು. ಮನೆ ತಣ್ಣಗಾಯಿತೆಂದು ಅವನಿಗೆ ಹಿಗ್ಗು. ಇದು ಒಂದು ವಾರ ನಡೆಯಿತು.

ಆಮೇಲೆ ಮಳೆ ಬಂತು. ಮಾಳಿಗೆ ಸೋರಿ ನೀರು ಅವಳ ಹೆಗಲ ಮೇಲೆ ಬೀಳುತ್ತಿತ್ತು. ಅವಳು ಜರುಗಲಿಲ್ಲ. ನೀರು ಬೀಳುತ್ತಲೇ ಇತ್ತು, ಅವಳು ನಗುತ್ತಲೇ ಇದ್ದಳು. ಇನ್ನೊಂದು ದಿನ ಒಲೆಯಿಂದ ಕೆಂಡ ಸಿಡಿದು ಅವಳ ಪಾದದ ಮೇಲೆ ಬಿತ್ತು. ಅವಳು ಅದನ್ನು ಹೂವು ನೋಡಿದಂತೆ ನೋಡಿದಳು. ಅವನೇ ಓಡಿಬಂದು ಕೆಂಡ ತೆಗೆದ. ಚರ್ಮ ಕೆಂಪಾಗಿರಲಿಲ್ಲ. ಸುಟ್ಟ ವಾಸನೆ ಮಾತ್ರ ಬರುತ್ತಿತ್ತು.

ಕೊನೆಗೆ ತವರಿನಿಂದ ಆಳು ಬಂದ. ಅವಳ ತಾಯಿ ತೀರಿಕೊಂಡಿದ್ದಳು. ಅವಳು ಸುದ್ದಿ ಕೇಳಿ, "ಹೌದಾ?" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ನಿಮಗ ಎಷ್ಟು ರೊಟ್ಟಿ ಬಡೀಲಿ?" ಎಂದು ಕೇಳಿದಳು.

ಜೀಪಿನವನಿಗೆ ಭಯವಾಯಿತು. ಮನೆಯಲ್ಲಿ ತನ್ನ ಜೊತೆ ಯಾರೋ ಇದ್ದಾರೆ, ಅವಳಿಲ್ಲ ಎನ್ನಿಸಿತು. ಆ ಭಯವನ್ನು ಯಾರಿಗೆ ಹೇಳುವುದು? ಬೈಯುವ ಹೆಂಡತಿಯ ಮೇಲೆ ದೂರಬಹುದು. ನಗುವ ಹೆಂಡತಿಯ ಮೇಲೆ ಏನೆಂದು ದೂರುವುದು?

ಮರುದಿನ ಜೀಪಿನಲ್ಲಿ ಹನ್ನೊಂದು ಜನ ತುಂಬಿದ್ದರು. ಹೊರಡುವಾಗ ಪಂಕ್ಚರಿನ ಮುದುಕ ಅಡ್ಡ ಬಂದು ನಿಂತ. ಗಾಲಿ ಉರುಳುವ ಸದ್ದು ಸರಿಯಿಲ್ಲ ಎಂದ. ಜೀಪಿನವನು ಇಳಿದು ನೋಡಿದ. ಟೈರು ಹೊಸದರ ಹಾಗೆ ಹೊಳೆಯುತ್ತಿತ್ತು.

"ಕಣ್ಣು ಮುಚ್ಚು" ಎಂದ ಮುದುಕ. ಅವನ ಹೆಬ್ಬೆರಳು ಹಿಡಿದು ಟೈರಿನ ಮಗ್ಗುಲಿಗೆ ಒತ್ತಿದ. ಬೆರಳು ರಬ್ಬರಿನ ಒಳಗೆ ಇಳಿಯಿತು. ಒಳಗಿನ ದಾರಗಳು ಹರಿದು ಜೋತಾಡುವುದು ಬೆರಳಿಗೆ ಸಿಕ್ಕಿತು. ಕಣ್ಣು ತೆರೆದ. ಟೈರು ನುಣ್ಣಗಿತ್ತು. ಬೆರಳು ಮಾತ್ರ ಗೆಣ್ಣಿನ ತನಕ ಕಾಣುತ್ತಿರಲಿಲ್ಲ.

"ಇದು ಟೈರಿಗೆ ಹಚ್ಚೂ ಎಣ್ಣಿ ಅಲ್ಲೋ" ಎಂದ ಮುದುಕ. "ಇದನ್ನ ಕೊಟ್ಟಾಂವ ನಿನ್ನ ಕಣ್ಣಿಗೆ ಹಚ್ಯಾನ."

ಜೀಪಿನವನು ಹನ್ನೊಂದು ಜನರನ್ನೂ ಇಳಿಸಿದ. ಅವರು ಬಾಯಿಗೆ ಬಂದಂತೆ ಬೈದರು. ಅವನಿಗೆ ಅದು ಕೇಳಿಸಲಿಲ್ಲ. ಜೀಪು ಅಲ್ಲೇ ಬಿಟ್ಟು ಮನೆಗೆ ಓಡಿದ.

ಹೆಂಡತಿ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸುಡುವ ಬಿಸಿಲು. ಅವಳ ಹಣೆಯಲ್ಲಿ ಒಂದು ಹನಿ ಬೆವರೂ ಇರಲಿಲ್ಲ. ಅವನು ಅವಳ ಮುಂದೆ ಕುಕ್ಕರಿಸಿ, ಕಣ್ಣು ಮುಚ್ಚಿ ಅವಳ ಹಿಮ್ಮಡಿ ಮುಟ್ಟಿದ.

ಅಲ್ಲಿ ಸೀಳಿತ್ತು. ಬೆರಳ ತುದಿ ಒಳಗೆ ಹೋಯಿತು, ಬೆರಳು ಹೋಯಿತು, ಆಮೇಲೆ ಅಂಗೈ ಹೋಯಿತು. ಅವನು ಮುಂಗೈ ತನಕ ಇಳಿಸಿದರೂ ತಳ ಸಿಗಲಿಲ್ಲ. ಒಳಗೆ ತಣ್ಣನೆ ಗಾಳಿಯಿತ್ತು. ಆ ಗಾಳಿಯ ಆಳದಿಂದ, ಬಹಳ ದೂರದಿಂದ, ಅವಳ ಸ್ವರ ಕೇಳಿಸಿತು.

"ಉರಿಯಾಕ ಹತ್ಯಾವ್ರೀ... ಎಲ್ಲಿದ್ದೀರಿ?"

ಅವನು ಕಣ್ಣು ತೆರೆದ. ಎದುರಿಗೆ ನುಣುಪಾದ ಹಿಮ್ಮಡಿ. ಅವಳು ನಗುತ್ತ ಜೋಳದಿಂದ ಹರಳು ಆರಿಸುತ್ತಿದ್ದಳು.

ಅವನು ಅಂದೇ ಡಬ್ಬಿಯನ್ನು ಊರಾಚೆಯ ಹಾಳು ಬಾವಿಗೆ ಎಸೆದ. ಮರುದಿನ ಬಾವಿಯ ಒಡೆದ ಕಟ್ಟೆ ಹೊಸದಾಗಿ ಕಟ್ಟಿದಂತೆ ಕಂಡಿತು. ಊರವರು ನೋಡಿ ಸಂತೋಷಪಟ್ಟರು. ಅವನು ಯಾರನ್ನೂ ಆ ಕಟ್ಟೆಯ ಮೇಲೆ ಕೂರಲು ಬಿಡಲಿಲ್ಲ.

ಜೀಪಿನ ನಾಲ್ಕೂ ಟೈರು ಬದಲಿಸಿದ. ಮುದುಕನ ಹತ್ತಿರ ಹಾಲಿನಂಥ ದ್ರವ ತಂದು ಒರೆಸಿದ. ಮೇಲೆ ಏಳುವ ಕಂದು ಬಣ್ಣವನ್ನು ತಿಕ್ಕುವುದು ಬಿಟ್ಟ. ಬೆಳಿಗ್ಗೆ ಜೀಪು ಹೊರಡಿಸುವ ಮೊದಲು ಕಣ್ಣು ಮುಚ್ಚಿ ನಾಲ್ಕೂ ಟೈರು ಸವರಿ ನೋಡುತ್ತಿದ್ದ. ಅವನ ಜೀಪು ಎಲ್ಲಕ್ಕಿಂತ ಕೊನೆಗೆ ತುಂಬುತ್ತಿತ್ತು. ಅದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅವನಿಗೆ ಬೇಕಾಗಿದ್ದುದು ಒಂದೇ, ಹೆಂಡತಿ ಹಿಂದಿರುಗಬೇಕು.

ಪ್ರತಿ ಸಂಜೆ ಬಿಸಿನೀರಿನಲ್ಲಿ ಅವಳ ಕಾಲು ತೊಳೆಯುತ್ತಿದ್ದ. ಕಣ್ಣು ಮುಚ್ಚಿ ಕಾಣದ ಸೀಳಿಗೆ ಬೆಣ್ಣೆ ತುಂಬುತ್ತಿದ್ದ. ತುಂಬಿದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ. ಆಮೇಲೆ ಆ ಸೀಳಿಗೆ ಬಾಯಿಟ್ಟು ಮಾತಾಡುತ್ತಿದ್ದ. ಅವಳು ಹಿಂದೆ ಹೇಳಿ ಅವನು ಗೊಣಗುತ್ತ ಕೇಳಿದ್ದನ್ನೆಲ್ಲ ನೆನಪು ಮಾಡಿಕೊಂಡು ಹೇಳುತ್ತಿದ್ದ. ತವರಿನ ಮಾತು, ಮಾಳಿಗೆಯ ಮಾತು, ಅವಳ ತಾಯಿಯ ಮಾತು. ಹಿಮ್ಮಡಿಯ ಜೊತೆ ಮಾತಾಡುವವನನ್ನು ನೋಡಿ ಓಣಿಯವರು ಇವನ ತಲೆ ಕೆಟ್ಟಿತು ಎಂದುಕೊಂಡರು. ಹೆಂಡತಿ ಮಾತ್ರ ಅವನ ಬಾಗಿದ ತಲೆಯನ್ನು ನೋಡಿ ನಗುತ್ತ ಕೂತಿರುತ್ತಿದ್ದಳು. ಆ ನಗುವಿನ ಕೆಳಗೆ ಕೂತು ಆರು ತಿಂಗಳು ಕಳೆಯುವುದೆಂದರೆ ಏನೆಂದು ನೀನೇ ಯೋಚಿಸು.

ಒಂದು ಸಂಜೆ ಅವನ ಬೆರಳು ತಾಗಿದೊಡನೆ ಅವಳು ಕಾಲು ಎಳೆದುಕೊಂಡಳು.

"ಸ್... ಮೆಲ್ಲಗ್ರೀ."

ಅವನು ಕಣ್ಣು ತೆರೆದ. ಹಿಮ್ಮಡಿ ಒಡೆದಿತ್ತು. ಸೀಳಿನಲ್ಲಿ ರಕ್ತ ಜಿನುಗುತ್ತಿತ್ತು. ಪಾದದ ಮೇಲೆ ಕೆಂಡ ಬಿದ್ದ ಜಾಗದಲ್ಲಿ ಬೊಬ್ಬೆ ಎದ್ದಿತ್ತು. ಅವಳ ಮುಖದಲ್ಲಿ ನಗು ಇರಲಿಲ್ಲ. "ನಮ್ಮವ್ವ ಹೋದಳಂತಲ್ರೀ" ಎಂದು ಅವಳು ಬಾಯಿಬಿಟ್ಟು ಅತ್ತಳು. ಮೂರು ದಿನ ಅತ್ತಳು. ಅವನು ಪಕ್ಕದಲ್ಲಿ ಕೂತು ಕೇಳಿದ. ಒಮ್ಮೆಯೂ ಗೊಣಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಸಂಗಯ್ಯ ಒಂದು ಉಸಿರು ಬಿಟ್ಟು, ಮಿಂಚುವ ಡಬ್ಬಿಯನ್ನು ದೂರ ಸರಿಸಿದ. ಅವನ ಮುಖ ಗೆಲುವಾಗಿತ್ತು. "ತಿಳೀತ್ರೀ ಅಜ್ಜಾರ. ಇದನ್ನ ಒಗದು ಹಾಲಿನಂಥಾದ್ದ ಹಚ್ತೀನಿ. ಯಾವುದು ಖರೇ ಕಾಯ್ತೈತಿ, ಯಾವುದು ಬರೇ ಹೊಳೀತೈತಿ, ಇನ್ನ ಮ್ಯಾಲೆ ನಾ ತಪ್ಪಾಂಗಿಲ್ಲ."

ಗುರುಗಳು ಕಾವಿಯ ಅಂಚು ಸರಿಸಿ ತಮ್ಮ ಬಲಗಾಲನ್ನು ಮುಂದೆ ಚಾಚಿದರು. ಊರೂರಿನ ಜನ ಮುಟ್ಟಿ ಮುಟ್ಟಿ ಆ ಪಾದ ನುಣ್ಣಗಾಗಿತ್ತು, ಒಂದು ಬಿರುಕೂ ಕಾಣುತ್ತಿರಲಿಲ್ಲ.

"ಹಂಗಾದ್ರ ಬಾ, ಕಣ್ಣು ಮುಚ್ಚಿಕೊಂಡು ಇದನ್ನ ಮುಟ್ಟು."

ಸಂಗಯ್ಯ ಕೈ ಚಾಚಿದ, ಕಣ್ಣು ಮಾತ್ರ ಮುಚ್ಚಲಿಲ್ಲ.