ಮಲಗಿದ್ದವರ ಅಳತೆ

"ಅಜ್ಜಾ, ಕೈಕೆಳಗಿನವರಿಗೆ ಕೆಲಸ ಕಲಿಸುವುದು ಹೇಗೆ?" ಎಂದು ನನ್ನ ಶಿಷ್ಯ ಭರಮಣ್ಣ ಕೇಳಿದ.

ಮನೆ ಕಟ್ಟಿಸುವವರಿಗೆ ಯಾವ ಕೋಣೆಗೆ ಎಷ್ಟು ಜಾಗ ಬೇಕೆಂದು ಸಲಹೆ ಹೇಳುವುದು ಅವನ ಕಸುಬು. ಕಲಿಸಿದವನು ನಾನು. ನಾನು ಓದಿದವನಲ್ಲ. ಆದರೆ ಕತ್ತಲೆಯ ಕೋಣೆಯಲ್ಲಿ ಒಂದು ಸಲ ಕೆಮ್ಮಿದರೆ ಸಾಕು, ಅದು ಎಷ್ಟು ಮೊಳ ಎಂದು ಹೇಳಬಲ್ಲೆ. ನಾನು ನಿಲ್ಲಿಸಿದ ಒಂದು ಗೋಡೆಗೆ ಚಂದ್ರ ತಾಗಿ ಅವನ ಅಂಚು ಸವೆದಿತ್ತು. ಅದು ಇರಲಿ.

"ನಿನ್ನವರಿಗೆ ಏನಾಗಿದೆ?" ಎಂದೆ.

"ಹೇಳಿದ್ದನ್ನು ಕೂದಲೆಳೆ ತಪ್ಪದೆ ಮಾಡುತ್ತಾರೆ. ಹೇಳದೇ ಇದ್ದದ್ದು ಎದುರಾದರೆ ಅಳತೆಯ ದಾರ ಹಿಡಿದು ಗೊಂಬೆಗಳ ಹಾಗೆ ನಿಂತುಬಿಡುತ್ತಾರೆ. ನಾನು ಕಲಿಸುವುದರಲ್ಲಿ ಕಡಿಮೆ ಮಾಡಿಲ್ಲ. ಕಲಿಸುವಾಗ ಒಬ್ಬರೂ ಬಾಯಿ ತೆರೆಯಬಾರದು, ನಾನು ತೋರಿಸಿದ ಹಾಗಲ್ಲದೆ ಕೈ ಆಡಿಸಬಾರದು ಎಂದು ಕಟ್ಟುನಿಟ್ಟು ಮಾಡಿದ್ದೆ. ಎಲ್ಲರನ್ನೂ ನಾಳೆಯೇ ಬಿಡಿಸಿ ಬೇರೆಯವರನ್ನು ಇಟ್ಟುಕೊಳ್ಳಬೇಕು ಅಂತಿದ್ದೇನೆ. ನೀವು ಹೂಂ ಅನ್ನಬೇಕು."

"ಕೂತುಕೋ," ಎಂದು ಕತೆ ಹೇಳಿದೆ.

ಒಬ್ಬ ವರ್ತಕನಿದ್ದ. ತನ್ನ ನೇಕಾರರಿಗೆ ಒಂದು ಸಾಲು ಮನೆ ಕಟ್ಟಿಸಲು ಹೊರಟ. ಅಂಗೈಯಗಲ ಜಾಗವೂ ದಂಡವಾಗಬಾರದೆಂದು ಅಳತೆ ಬಲ್ಲ ಒಬ್ಬ ಸಲಹೆಗಾರನನ್ನು ಕರೆಸಿದ. ಸಲಹೆಗಾರ ಹಗ್ಗ ಹಿಡಿದು ನೇಕಾರರ ಬಳಿಗೆ ಹೋದ. ಅವರು ಬಗ್ಗುತ್ತಿದ್ದರು, ಏಳುತ್ತಿದ್ದರು, ಕೈ ಬೀಸಿ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಿದ್ದರು. ಯಾರೂ ಹಗ್ಗಕ್ಕೆ ಸಿಗಲಿಲ್ಲ. ಅವರು ಮಧ್ಯಾಹ್ನ ಉಂಡು ಮಲಗುವ ತನಕ ಕಾದ. ಮಲಗಿದವರನ್ನು ಅಳೆದುಕೊಂಡ. ಆ ಅಳತೆಗೇ ಮನೆಗಳು ಎದ್ದವು.

ಅಂಥ ಮನೆಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಾಲಿನ ಮೊದಲ ಮನೆಯವನು ಮಗ್ಗುಲು ಬದಲಿಸಿದರೆ ಕೊನೆಯ ಮನೆಯವನ ತನಕ ಎಲ್ಲರೂ ಬದಲಿಸಬೇಕು. ಸೀನು ಬಂದವರು ಬೀದಿಗೆ ಓಡುತ್ತಿದ್ದರು. ಒಬ್ಬ ಮರೆತು ಒಳಗೇ ಸೀನಿದ. ಅವನ ಮನೆಯ ಹೆಂಚುಗಳು ಪಕ್ಕದ ಊರಿನಲ್ಲಿ ಸಿಕ್ಕವು.

ಹೀಗಿರುವಾಗ ಒಬ್ಬ ನೇಕಾರನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಒಳ್ಳೆಯ ಸಂಬಂಧ. ಹುಡುಗಿಗೂ ಮನಸ್ಸಿತ್ತು. ಬಂದವರು ಕೂತರು, ಮನೆ ತುಂಬಿತು. ಮನೆಯವರು ಬೀದಿಗೆ ಇಳಿದರು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊಸ್ತಿಲ ಆಚೆಯೇ ನಿಂತಳು.

ಗಂಡಿನ ಸೋದರತ್ತೆ ಕೇಳಿದಳು: "ಯಾಕಪ್ಪಾ, ಹುಡುಗಿ ಒಳಗೆ ಬರುವುದಿಲ್ಲವಲ್ಲ. ಕಾಲಿನಲ್ಲಿ ಊನವೇನಾದರೂ ಇದೆಯೋ?"

"ಕಾಲು ನೆಟ್ಟಗಿವೆ ತಾಯಿ. ಇಡಲು ಜಾಗ ಇಲ್ಲ."

"ನಾಲ್ಕು ಹೆಜ್ಜೆ ನಡೆದು ತೋರಿಸದವಳನ್ನು ಹೇಗೆ ಒಪ್ಪುವುದು?" ಎಂದು ಅವಳು ಎದ್ದಳು. ಉಳಿದವರೂ ಎದ್ದು ಹೋದರು.

ನೇಕಾರ ವರ್ತಕನ ಬಳಿಗೆ ಹೋಗಿ, ಗೋಡೆಯನ್ನು ಒಂದು ಮೊಳ ಆಚೆ ಕಟ್ಟಿಸಿಕೊಡಿ ಎಂದು ಬೇಡಿದ. ವರ್ತಕ ಸಲಹೆಗಾರನನ್ನು ಕಳಿಸಿದ. ಅವನು ಮನೆಯನ್ನು ಅಳೆದ. ನೇಕಾರನನ್ನು ಮಲಗಿಸಿ ಅವನನ್ನೂ ಅಳೆದ. ಎರಡೂ ತಾಳೆಯಾದವು.

"ಮನೆ ಸರಿಯಾಗಿಯೇ ಇದೆ," ಎಂದ ವರ್ತಕ. "ಸರಿಯಿಲ್ಲದವರು ನೀವು. ಎಲ್ಲರೂ ಹೊರಡಿ. ಈ ಮನೆಗಳಿಗೆ ಹೊಂದುವಂಥ ನೇಕಾರರನ್ನು ತರಿಸಿಕೊಳ್ಳುತ್ತೇನೆ."

ಇಲ್ಲಿಗೆ ಬರುವಷ್ಟರಲ್ಲಿ ಭರಮಣ್ಣ ನಗುತ್ತಿದ್ದ. "ಎಂಥ ದಡ್ಡ ಅಜ್ಜಾ ಅವನು. ಹೊಸಬರು ಬಂದರೂ ಕೈಕಾಲು ಇರುವವರೇ ತಾನೇ ಬರುವುದು? ಆ ಹುಡುಗಿ ಏನಾದಳು?"

"ಅಪ್ಪ ಬೀದಿಯಲ್ಲೇ ಚಾಪೆ ಹಾಸಿ ಗಂಡಿನವರನ್ನು ಮತ್ತೆ ಕರೆತಂದ. ಅವಳು ತಟ್ಟೆ ಹಿಡಿದು ಬೀದಿಯ ಆ ತುದಿಯಿಂದ ಈ ತುದಿಗೆ ನಡೆದು ಬಂದಳು. ಆ ನಡಿಗೆಗೆ ಎದುರಿನಿಂದ ಬರುತ್ತಿದ್ದ ಎತ್ತಿನ ಗಾಡಿ ತಾನೇ ಹಿಂದಕ್ಕೆ ಸರಿದು ದಾರಿ ಬಿಟ್ಟಿತು. ಆ ಮದುವೆಯಲ್ಲಿ ನಾನು ಎಷ್ಟು ಹೋಳಿಗೆ ತಿಂದೆ ಎಂದರೆ ನೀನು ನಂಬುವುದಿಲ್ಲ. ಊಟ ಮುಗಿದ ಮೇಲೆ ನೇಕಾರರೆಲ್ಲ ಮಗ್ಗಗಳನ್ನು ಗಾಡಿಗೆ ಹೇರಿ ಬೇರೆ ಊರಿಗೆ ಹೊರಟುಹೋದರು. ಆ ಮನೆಗಳಿಗೆ ಹೊಂದುವವರು ಇನ್ನೂ ಹುಟ್ಟಿಲ್ಲ. ಖಾಲಿ ಬಿದ್ದಿವೆ."

ಭರಮಣ್ಣ ಕಣ್ಣೊರೆಸಿಕೊಂಡು ಎದ್ದ. ತನ್ನ ಅಳತೆಯ ದಾರದ ಉಂಡೆಯನ್ನು ಕೈಗೆ ತೆಗೆದುಕೊಂಡ. "ಕತೆ ಚೆನ್ನಾಗಿತ್ತು. ಹಾಗಾದರೆ ನನ್ನವರನ್ನು ನಾಳೆ ಬಿಡಿಸಲೇ?"

"ಊರಿಗೆಲ್ಲ ಜಾಗದ ಲೆಕ್ಕ ಹೇಳುವವನೇ, ಕಲಿಸುವಾಗ ನಿನ್ನವರು ಕೈಯಾಡಿಸಲು ಎಷ್ಟು ಜಾಗ ಬಿಟ್ಟಿದ್ದೆ?" ಎಂದೆ.

ಭರಮಣ್ಣ ದಾರವನ್ನು ಕೆಳಗಿಟ್ಟು ಮತ್ತೆ ಕೂತುಕೊಂಡ.