ತಿದ್ದುಬಂಡೆ

ಕಲ್ಲುಮಡುವಿನ ಬಳಿ ತುಂಗಭದ್ರೆ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತಾಳೆ. ನಡುಹೊಳೆಯಲ್ಲಿ ಕಪ್ಪು ಬಂಡೆಯೊಂದಿದೆ. ಅದರ ನೆತ್ತಿ ನಾಲ್ವರು ಕೂರುವಷ್ಟು ಸಪಾಟಾಗಿದೆ. ಬೇಸಿಗೆಯಲ್ಲಿ ನೀರುಕಾಗೆಗಳು ಅಲ್ಲಿ ರೆಕ್ಕೆ ಒಣಗಿಸಿಕೊಳ್ಳುತ್ತವೆ. ಶ್ರಾವಣದಲ್ಲಿ ಅದರ ಸುತ್ತಲೂ ಸುಳಿಗಳೇಳುತ್ತವೆ. ಅಲ್ಲಿ ದೇವರಿಲ್ಲ, ಶಾಸನವಿಲ್ಲ. ಆದರೂ ಅದಕ್ಕೆ ತಿದ್ದುಬಂಡೆ ಎಂಬ ಹೆಸರಿದೆ. ಅದು ಭೀಮಸೇನರಾಯ ತೋರಗಲ್ಲ ಎಂಬ ಪ್ರವಾಸಿ ಲೇಖಕರಿಂದ ಬಂದ ಹೆಸರು ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಕಡೆಗೆ ಮೋಟಾರು ಬರುವುದಕ್ಕೂ ಮೊದಲು, ಓದು ಬಲ್ಲ ಮನೆಗಳಲ್ಲೆಲ್ಲ ರಾಯರದೇ ಮಾತಂತೆ. ಅವರು ಹಾಯಿಹಡಗಿನಲ್ಲಿ ಜಂಜಿಬಾರಿಗೆ ಹೋದವರು; ಒಂಟೆಗಳ ಸಾಲಿನೊಡನೆ ಮರುಭೂಮಿ ದಾಟಿದವರು; ಹಿಮದ ಕಣಿವೆಯಲ್ಲಿ ಎರಡು ಕಾಲ್ಬೆರಳು ಕಳೆದುಕೊಂಡವರು. ಅವೆಲ್ಲವೂ ನಿಜ. ಆದರೆ ಐವತ್ತೈದರ ವಯಸ್ಸಿನಲ್ಲಿ, ಕಲ್ಲುಮಡುವಿನ ಬಳಿ ತುಂಬಿದ ಹೊಳೆಯನ್ನು ದಾಟಲೆಂದು ಹೊರಟವರು ದಾರಿಯಲ್ಲಿಯೇ ಜ್ವರ ಬಂದು ಛತ್ರವೊಂದರಲ್ಲಿ ಮಲಗಿದರು. ವಾರಪತ್ರಿಕೆಯವರು ಬರಹಕ್ಕಾಗಿ ಕಾಯುತ್ತಿದ್ದರು. ರಾಯರು ಮಲಗಿದಲ್ಲಿಂದಲೇ ಹೊಳೆ ದಾಟಿದರು: ಒಬ್ಬಂಟಿಯಾಗಿ, ಬೆನ್ನಟ್ಟುವ ಮೊಸಳೆಯೊಂದರ ಸಮೇತ, ಹದಿನಾರು ಪುಟ. ಅದರಲ್ಲೊಂದು ವಾಕ್ಯ ಹೀಗಿತ್ತು: 'ಹರಿಗೋಲಿನ ಮೂತಿಯನ್ನು ಅಲೆಗೆ ಎದುರಾಗಿ ತಿರುಗಿಸಿದೆನು.'

ಶಾಲೆಯ ಮಾಸ್ತರರು ಇದನ್ನು ಕಲ್ಲುಮಡುವಿನ ಅಂಬಿಗರ ಕಟ್ಟೆಯಲ್ಲಿ ಓದಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲು ಬುಟ್ಟಿಯಂತೆ ದುಂಡಗಿರುತ್ತದೆ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ನಲವತ್ತು ವರ್ಷ ಹರಿಗೋಲು ನಡೆಸಿದ್ದ ಫಕೀರವ್ವ ಮಾಸ್ತರರಿಂದ ಒಂದು ಕಾರ್ಡು ಬರೆಯಿಸಿದಳು: 'ರಾಯರಿಗೆ ಶರಣು. ನಮ್ಮ ಹರಿಗೋಲಿನ ಮೂತಿ ಯಾವ ಕಡೆ ಐತಿ ಅಂತ ಬಂದು ತೋರಿಸಬೇಕು.'

ಕಾರ್ಡು ತಲುಪಿದಾಗ ಆ ಬರಹ ಪುಸ್ತಕಕ್ಕಾಗಿ ಅಚ್ಚಿನ ಕರಡಾಗಿ ರಾಯರ ಮೇಜಿನ ಮೇಲಿತ್ತು. ಈ ಒಂದು ಸುಳ್ಳು ಹೊರಬಿದ್ದರೆ ಜಂಜಿಬಾರವೂ ಸುಳ್ಳಾಗುತ್ತದೆ, ಕಳೆದುಹೋದ ಬೆರಳುಗಳೂ ಸುಳ್ಳಾಗುತ್ತವೆ. ಆ ಅಧ್ಯಾಯವನ್ನು ಕಿತ್ತುಹಾಕಲು ಅಭಿಮಾನ ಒಪ್ಪಲಿಲ್ಲ. ಬರೆದದ್ದನ್ನು ಮಾಡಿಬಿಟ್ಟರೆ ಅದು ನಿಜವೇ ಆಗುತ್ತದೆಂದು ಎಣಿಸಿ, ಕರಡನ್ನು ಮೇಣಬಟ್ಟೆಯಲ್ಲಿ ಸುತ್ತಿಕೊಂಡು ಶ್ರಾವಣದ ಒಂದು ಬೆಳಗ್ಗೆ ದಡಕ್ಕೆ ಬಂದರು.

"ಒಬ್ಬನೇ ದಾಟುತ್ತೇನೆ," ಎಂದರು.

"ದಾಟ್ರಿ. ಆದರ ಹರಿಗೋಲು ನಂದು, ಅದರ ಜೋಡಿ ನಾನೂ ಬರತೀನಿ," ಎಂದು ಫಕೀರವ್ವ ಹತ್ತಿ ಕುಳಿತಳು. "ಹುಟ್ಟು ನೀವ ಹಾಕ್ರಿ."

ರಾಯರು ಹುಟ್ಟು ಹಾಕಿದರು. ಹರಿಗೋಲು ಗಿರ್ರನೆ ತಿರುಗಿತು. ಮತ್ತೆ ಹಾಕಿದರು, ಮತ್ತೂ ತಿರುಗಿತು. ಗುಡ್ಡ, ದಡ, ನಗುವ ಜನ, ಮತ್ತೆ ಗುಡ್ಡ. ಅವರ ರುಮಾಲು ಹೊಳೆಯ ಪಾಲಾಯಿತು. ಫಕೀರವ್ವ ಎಲೆಯಡಿಕೆ ಜಗಿಯುತ್ತ, "ಮೂತಿ ಸಿಕ್ಕಿತೇನ್ರಿ ರಾಯರ?" ಎಂದು ಕೇಳಿದಳು. ಸುಳಿಯ ಬಾಯಿ ಹತ್ತಿರವಾದಾಗ ರಾಯರ ಪುಸ್ತಕದ ಭಾಷೆ ಬಿಟ್ಟುಹೋಯಿತು. "ಅವ್ವಾ, ನನಗ ಹೆದರಿಕಿ ಆಗೇತಿ!" ಎಂದು ಕೂಗಿಕೊಂಡರು. ಫಕೀರವ್ವ ಹುಟ್ಟನ್ನು ಕಸಿದುಕೊಂಡು, ಮುಂದಕ್ಕೆ ಚಾಚಿ, ನೀರನ್ನು ನಾಲ್ಕು ಸಲ ತನ್ನತ್ತ ಎಳೆದುಕೊಂಡಳು. ಹರಿಗೋಲು ನಡುಹೊಳೆಯ ಬಂಡೆಗೆ ಹತ್ತಿ ನಿಂತಿತು.

ಬಂಡೆಯ ಮೇಲೆ ರಾಯರಿಗೆ ಉಸಿರು ಮರಳಿದ ಮೇಲೆ ಅವಳು ಕೇಳಿದಳು: "ಈಗ ಹೆದರಿಕಿ ಅಂದ್ರಲ್ಲ, ಅದು ನಿಮ್ಮ ಕಾಗದದಾಗ ಎಲ್ಲೈತಿ?"

"ಎಲ್ಲಿಯೂ ಇಲ್ಲ. ಅದನ್ನು ಬರೆದರೆ ಓದುವವರು ನನ್ನನ್ನು ಬಿಟ್ಟುಬಿಡುತ್ತಾರೆ, ಫಕೀರವ್ವ."

"ಬಿಡಲಿ. ಇದನ್ನ ನಂಬಿ ಯಾರದರ ಮಗ ಒಬ್ಬನ ಹೋಗಿ ಹರಿಗೋಲು ಹತ್ತಿದರ, ಅವನ್ನ ಹುಡುಕಾಕ ಹೋಗಾಕಿ ನಾನು. ನೀವಲ್ಲ."

ರಾಯರು ಮೇಣಬಟ್ಟೆ ಬಿಚ್ಚಿ, ಜೇಬಿನಿಂದ ಪೆನ್ಸಿಲ್ ತೆಗೆದರು. ಮೂತಿ ಹೋಯಿತು. ಒಬ್ಬಂಟಿತನ ಹೋಯಿತು. ಮೊಸಳೆಯ ಬಳಿ ಕೈ ತಡೆಯಿತು.

"ಇದೊಂದಾದರೂ ಇರಲೇನವ್ವಾ?"

"ಕಂಡೀರೇನು?"

"ಇಲ್ಲ."

"ಹಂಗಾರ ಗೀಟು ಹೊಡೀರಿ. ಪಾಪ, ಅದರ ಹೆಸರು ಯಾಕ ಕೆಡಸತೀರಿ?"

ಹದಿನಾರರಲ್ಲಿ ಮೂರು ಪುಟ ಉಳಿಯಿತು. ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡ ಮೇಲೆಯೇ ಅವಳು ಹರಿಗೋಲನ್ನು ನೀರಿಗೆ ತಳ್ಳಿದಳು. ಆಚೆ ದಡದಲ್ಲಿ ಇಳಿದ ರಾಯರು ಒದ್ದೆ ತಲೆ ಎತ್ತಿ, "ಅಂತೂ ದಾಟಿದೆವು. ಅರ್ಧ ನೀನು, ಅರ್ಧ ನಾನು," ಎಂದರು. "ಮುಕ್ಕಾಲು ನಾನು. ಅದನ್ನೂ ಬರೀರಿ," ಎಂದಳು ಫಕೀರವ್ವ. ಅವರು ಅಲ್ಲಿಯೇ ನಿಂತು ಬರೆದರು. ಪ್ರಕಾಶಕರು ಮೊಸಳೆಗಾಗಿ ಬಹಳ ದಿನ ಮರುಗಿದರಂತೆ. ಓದುಗರು ಮಾತ್ರ ಬಿಟ್ಟುಹೋಗಲಿಲ್ಲ. ರಾಯರ ಉಳಿದ ಪುಸ್ತಕಗಳನ್ನೆಲ್ಲ ಮರೆತ ಮನೆಗಳಲ್ಲಿಯೂ ಆ ಮೂರು ಪುಟಗಳನ್ನು ಓದಿ ನಕ್ಕರು, ನಂಬಿದರು.

ಇಂದಿಗೂ ಕಲ್ಲುಮಡುವಿಗೆ ಹೋದವರನ್ನು ಅಂಬಿಗರು ಈ ಬಂಡೆಯ ಸುತ್ತ ಕರೆದೊಯ್ಯುತ್ತಾರೆ. ಹರಿಗೋಲು ಹತ್ತಿದವರಲ್ಲಿ ಯಾರಾದರೂ ತಮ್ಮ ಶೌರ್ಯವನ್ನು ಸ್ವಲ್ಪ ಹೆಚ್ಚಾಗಿ ಬಣ್ಣಿಸತೊಡಗಿದರೆ, ಅಂಬಿಗನು ಮಾತಾಡದೆ ಹುಟ್ಟನ್ನು ಮೊಣಕಾಲಿನ ಮೇಲಿಟ್ಟು ಕೂರುತ್ತಾನೆ. ಹರಿಗೋಲು ಬಂಡೆಯ ಪಕ್ಕದಲ್ಲಿ ಮೆಲ್ಲಗೆ ತಿರುಗುತ್ತಿರುತ್ತದೆ. ಮೂರನೆಯ ಸುತ್ತಿನೊಳಗೆ ಹೆಚ್ಚಿನವರು ತಮ್ಮ ಕಥೆಯನ್ನು ತಾವೇ ತಿದ್ದಿಕೊಳ್ಳುತ್ತಾರೆ.