ಹುಳವಿಲ್ಲದ ಹೊಲ

ಆಶ್ರಮ ಸೇರುವ ಮುಂಚೆ ಸೋಮಲಿಂಗ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಅಂಗಡಿ, ಬಂಧು-ಬಳಗ ಎಲ್ಲವನ್ನೂ ಬಿಟ್ಟು ಬಂದ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿ ಭೂತಗನ್ನಡಿಯನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡೇ ಬಂದ.

ಆಶ್ರಮ ಅಂದರೆ ಭಾರೀ ಏನಲ್ಲ. ಹೊಳೆಯ ದಡದಲ್ಲಿ ಕೆಲವು ಗುಡಿಸಲು, ಒಂದು ರಾಗಿ ಹೊಲ, ದೋಣಿ ನಿಲ್ಲುವ ಕಡೆ ಅಂಬಲಿಯ ಗುಡಾಣ. ಹೊಳೆ ದಾಟಿ ಬಂದವರು ಯಾರೇ ಆಗಲಿ, ಒಂದು ಚೊಂಬು ಅಂಬಲಿ ಕುಡಿದೇ ಮುಂದೆ ಹೋಗಬೇಕು. ಗುರುಗಳಿಗೆ ದೊಡ್ಡ ಹೆಸರೇನೋ ಇತ್ತು, ಕರೆಯುವವರು ಮಾತ್ರ ಅಜ್ಜಯ್ಯ ಎಂದೇ ಕರೆಯುತ್ತಿದ್ದರು.

ಸೋಮಲಿಂಗನಿಗೆ ಆ ಗುಡಾಣ ಕಂಡರೆ ಆಗುತ್ತಿರಲಿಲ್ಲ. ದೋಣಿ ಬಂದರೆ ಸಾಕು, ಗದ್ದಲ. ಮಕ್ಕಳ ಅಳು, ಸರದಿಗಾಗಿ ಜಗಳ, ಊರೂರಿನ ಸುದ್ದಿ. ಕಣ್ಣು ಮುಚ್ಚಿ ಕೂತರೆ ಕಿವಿ ತೆರೆದುಕೊಳ್ಳುತ್ತಿತ್ತು. ಮೇಲಿನ ದಿಣ್ಣೆಯಲ್ಲಿ ಒಂದು ಗುಡಿಸಲು ಹಾಕಿಸಿಕೊಡಿ, ಅಲ್ಲಿ ಯಾರ ಕಾಟವೂ ಇರುವುದಿಲ್ಲ ಎಂದು ಆಗಾಗ ಕೇಳುತ್ತಿದ್ದ.

ಅಜ್ಜಯ್ಯ ಪ್ರತಿ ಸಲವೂ ನೋಡೋಣ ಎನ್ನುತ್ತಿದ್ದರು.

ಅಂಬಲಿ ಕಾಯಿಸುವವಳು ಚೌಡಮ್ಮ. ಹೊಲದ ರಾಗಿಯ ಬೀಜವೂ ಅವಳದೇ. ಮದುವೆಯಾಗಿ ಬರುವಾಗ ತವರಿನಿಂದ ಮಡಿಲಲ್ಲಿ ಕಟ್ಟಿಕೊಂಡು ತಂದದ್ದು. ತೆನೆ ಬಿಗಿಹಿಡಿದ ಮುಷ್ಟಿಯ ಹಾಗೆ ಇರುತ್ತಿದ್ದುದರಿಂದ ಅದನ್ನು ಮುಟಿಗೆ ರಾಗಿ ಎನ್ನುತ್ತಿದ್ದರು. ಅವಳ ತವರೂರು ಈಗ ಅಣೆಕಟ್ಟಿನ ನೀರಿನಡಿ ಇದೆ. ಆ ಬೀಜ ಬೇರೆಲ್ಲೂ ಉಳಿದಿಲ್ಲ.

ಆಶ್ರಮದ ಹೊಲದಲ್ಲೂ ಅದು ಸೊರಗುತ್ತ ಬಂದಿತ್ತು. ವರ್ಷದಿಂದ ವರ್ಷಕ್ಕೆ ಗಿಡ ಕುಳ್ಳಾಯಿತು, ತೆನೆ ಸಣ್ಣದಾಯಿತು. ಕೊನೆಗೆ ಮಿಕ್ಕದ್ದು ಒಂದು ಕುಕ್ಕೆಯ ತಳದಲ್ಲಿದ್ದಷ್ಟು ಬೀಜ. ಈ ವರ್ಷವೂ ಬೆಳೆ ಕೈಕೊಟ್ಟರೆ ಮುಟಿಗೆ ರಾಗಿಯ ಕಥೆ ಮುಗಿದಂತೆ.

ಅಜ್ಜಯ್ಯ ಕುಕ್ಕೆಯನ್ನು ತಂದು ಸೋಮಲಿಂಗನ ಮುಂದಿಟ್ಟರು.

"ಇದು ನಿನ್ನ ಪಾಲಿನ ಕೆಲಸ. ಬೀಜ ಉಳಿಸ್ಕೊಡು."

ಚೌಡಮ್ಮನ ಮುಖ ಸಪ್ಪಗಾಯಿತು. ಗಡಿಯಾರದವನ ಕೈಗೆ ರಾಗಿ ಕೊಡುವುದು ಯಾವ ನ್ಯಾಯ ಎಂದು ಅವಳು ಗೊಣಗಿದಳು. ಅಜ್ಜಯ್ಯ ನಕ್ಕರು.

ಸೋಮಲಿಂಗ ತನಗೆ ಗೊತ್ತಿದ್ದ ರೀತಿಯಲ್ಲೇ ಕೆಲಸ ಶುರುಮಾಡಿದ. ಕೆಟ್ಟ ಗಡಿಯಾರ ಬಂದರೆ ಮೊದಲು ಬಿಚ್ಚಿ ನೋಡಬೇಕು. ಕಳೆದ ವರ್ಷ ಕೊಯ್ದು ಉಳಿದಿದ್ದ ಕೂಳೆಗಳನ್ನು ಕಿತ್ತ. ಬೇರುಗಳ ಮೇಲೆ ಸಣ್ಣ ಸಣ್ಣ ಗಂಟುಗಳಿದ್ದವು. ಬೇರನ್ನೂ ಮಣ್ಣನ್ನೂ ತೆಳುಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ನೀರು ತುಂಬಿದ ಬಟ್ಟಲಿಗೆ ತಾಗುವಂತೆ ಇಳಿಬಿಟ್ಟ. ಮಾರನೆಯ ಬೆಳಿಗ್ಗೆ ತಳದ ನೀರನ್ನು ಗಾಜಿನ ಮೇಲೆ ಹನಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ.

ಕೂದಲಿಗಿಂತ ಸಣ್ಣ ಹುಳಗಳು. ಬಣ್ಣವಿಲ್ಲ, ಕಾಲಿಲ್ಲ, ಸುಮ್ಮನೆ ನುಲಿಯುತ್ತಿದ್ದವು.

ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಳ್ಳ ಸಿಕ್ಕಿಬಿದ್ದಿದ್ದ. ಓಡಿಹೋಗಿ ಅಜ್ಜಯ್ಯನಿಗೆ ಹೇಳಿದ: ಇವೇ ಬೇರು ತಿನ್ನುವ ಜಂತುಹುಳಗಳು, ಪೇಟೆಯಲ್ಲಿ ಇದಕ್ಕೆ ಮದ್ದು ಸಿಗುತ್ತದೆ.

"ಈ ಹೊಲಕ್ಕೆ ವಿಷ ಹಾಕಿಲ್ಲ, ಹಾಕೋದೂ ಇಲ್ಲ," ಎಂದರು ಅಜ್ಜಯ್ಯ. "ಬೇರೆ ದಾರಿ ಹುಡುಕು."

ಬೇರೆ ದಾರಿ ಸೋಮಲಿಂಗನಿಗೆ ಆಗಲೇ ಹೊಳೆದಿತ್ತು. ಕೊಲ್ಲುವ ಹಾಗಿಲ್ಲ ಎಂದರೆ ಹುಳವಿಲ್ಲದ ಜಾಗ ಹುಡುಕಿದರಾಯಿತು. ಬಟ್ಟಲು ಬಟ್ಟೆ ಹಿಡಿದು ಆಶ್ರಮದ ಸುತ್ತಿನ ಮಣ್ಣನ್ನೆಲ್ಲ ಜಾಲಾಡಿದ. ಬೇಲಿಯ ಬುಡದಲ್ಲಿ ಹುಳವಿತ್ತು. ಹೊಳೆಯಂಚಿನಲ್ಲಿ ಇತ್ತು. ಹುಲ್ಲು ಹುಲುಸಾಗಿದ್ದ ಕಡೆ ಇನ್ನೂ ಜಾಸ್ತಿ ಇತ್ತು.

ದಿಣ್ಣೆಯ ಮಣ್ಣಿನಲ್ಲಿ ಒಂದೂ ಇರಲಿಲ್ಲ.

ಅವನು ಎರಡು ಸಲ ನೋಡಿದ, ಮತ್ತೆ ನೋಡಿದ. ನೀರು ತಿಳಿಯಾಗಿತ್ತು. ಎರೆಹುಳವಿಲ್ಲ, ಇರುವೆಗೂಡಿಲ್ಲ, ಕಳೆಯೂ ಅಷ್ಟಕ್ಕಷ್ಟೆ. ತೊಳೆದಿಟ್ಟ ತಟ್ಟೆಯಂಥ ಮಣ್ಣು. ಅಲ್ಲೇ ಗುಡಿಸಲನ್ನೂ ಹಾಕಿಕೊಂಡರೆ ಪೈರು, ಧ್ಯಾನ ಎರಡೂ ಸಾಗುತ್ತವೆ ಎಂದು ಅವನ ಮನಸ್ಸು ಲೆಕ್ಕ ಹಾಕಿತು.

"ಗಡಿಯಾರದೊಳಗೆ ಒಂದು ಕಣ ಧೂಳು ಸೇರಿದ್ರೂ ಅದು ನಿಂತುಹೋಗುತ್ತೆ, ಅಜ್ಜಯ್ಯ," ಎಂದ. "ಅಂಥ ಒಂದು ಕಣವೂ ಇಲ್ಲದ ಮಣ್ಣು ಸಿಕ್ಕಿದೆ. ಒಟ್ಲು ಅಲ್ಲೇ ಹಾಕ್ತೀನಿ."

"ಗಡಿಯಾರಕ್ಕೆ ಬೇರಿರಲ್ಲ, ಸೋಮಲಿಂಗ."

ಇದು ಒಪ್ಪಿಗೆಯೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ತನಗೆ ಬೇಕಾದ ಹಾಗೆ ಒಪ್ಪಿಗೆ ಎಂದೇ ತೆಗೆದುಕೊಂಡ. ಪೈರು ಬೆಳೆಸುವ ಒಟ್ಲಿನ ಮಡಿಯನ್ನು ದಿಣ್ಣೆಯಲ್ಲಿ ಮಾಡಿ, ಕುಕ್ಕೆಯಲ್ಲಿದ್ದ ಬೀಜವನ್ನೆಲ್ಲ ಚೆಲ್ಲಿದ. ಒಂದು ಹಿಡಿಯನ್ನೂ ಉಳಿಸಿಕೊಳ್ಳಲಿಲ್ಲ. ಅಷ್ಟು ಧೈರ್ಯ.

ಅತ್ತ ಅಜ್ಜಯ್ಯ ಬೇರೆಯೇ ಕೆಲಸ ಹಚ್ಚಿಕೊಂಡಿದ್ದರು. ಬೇಸಿಗೆಯಿಂದಲೇ ಹೊಳೆಯ ಕಪ್ಪೆಚಿಪ್ಪು ಆಯ್ದು ಸುಡುತ್ತಿದ್ದರು. ಆ ಸುಣ್ಣವನ್ನೂ ಚೌಡಮ್ಮನ ಒಲೆಯ ಬೂದಿಯನ್ನೂ ಹಳೆಯ ಹೊಲಕ್ಕೆ ಹೊತ್ತು ಹಾಕಿ ಕುಂಟೆ ಹೊಡೆಯುತ್ತಿದ್ದರು. ಆ ವಯಸ್ಸಿನಲ್ಲಿ ಅವರು ಬುಟ್ಟಿ ಹೊರುವುದು ನೋಡಿ ಸೋಮಲಿಂಗನಿಗೆ ಮರುಕವಾಯಿತು.

"ಸುಣ್ಣಕ್ಕೆ ಹುಳ ಸಾಯ್ತಾವಾ, ಅಜ್ಜಯ್ಯ?"

"ನನಗೇನು ಗೊತ್ತು? ನಾನು ಹುಳಕ್ಕೆ ಅಂತ ಹಾಕ್ತಿಲ್ಲ."

ಸೋಮಲಿಂಗ ಒಳಗೊಳಗೇ ನಕ್ಕ. ಹುಳ ತುಂಬಿದ ಹೊಲಕ್ಕೆ ಯಾರಿಗಾಗಿ ಈ ಉಪಚಾರ ಎಂದುಕೊಂಡ.

ದಿಣ್ಣೆಯಲ್ಲಿ ರಾಗಿ ಮೊಳೆಯಿತು. ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ನಿಂತುಬಿಟ್ಟಿತು. ಬೆರಳುದ್ದ ಬೆಳೆದ ಪೈರು ಬೆರಳುದ್ದವೇ ಉಳಿಯಿತು. ಎಲೆಯ ತುದಿ ಹಳದಿಯಾಗಿ, ಅಂಚು ನೇರಳೆಗೆ ತಿರುಗಿತು. ಅವನು ನೀರು ಹೊಯ್ದ, ಗೊಬ್ಬರದ ನೀರನ್ನೂ ಹೊಯ್ದ. ಪೈರು ಜಪ್ಪಯ್ಯ ಅನ್ನಲಿಲ್ಲ.

ಒಂದನ್ನು ಕಿತ್ತು ನೋಡಿದ. ಗಂಟಿಲ್ಲ, ಹುಳದ ಸುಳಿವಿಲ್ಲ. ಆದರೆ ಬೇರು ಎಂದು ಹೇಳುವಂಥದ್ದೂ ಇರಲಿಲ್ಲ. ಮೊಂಡಾಗಿ, ಕಂದಾಗಿ, ತುದಿ ಸುಟ್ಟಂತೆ ಇತ್ತು.

ಕುಕ್ಕೆ ಖಾಲಿಯಾಗಿದೆ ಎನ್ನುವುದು ಈಗ ನೆನಪಾಯಿತು.

ಚೌಡಮ್ಮ ದಿಣ್ಣೆ ಹತ್ತಿ ಬಂದು ನೋಡಿದಳು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿ ನಿಂತಿದ್ದ. ಅವಳು ಬೈಯಲಿಲ್ಲ. ಪೈರಿನ ಪಕ್ಕ ಕೂತು, ಸೆರಗಿನಿಂದ ಮೂಗು ಒರೆಸಿಕೊಂಡಳು.

"ನನ್ನ ತವರಿಂದ ಅಂತ ಉಳಿದಿದ್ದು ಇದೊಂದೇ ಕಣಪ್ಪ," ಎಂದಳು.

ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಸೋಮಲಿಂಗ ದಿಣ್ಣೆಯಿಂದ ಇಳಿದು ಬಂದ. ಅಜ್ಜಯ್ಯನ ಕಾಲ ಬಳಿ ಹೋಗಿ ಕೂತ.

"ತಪ್ಪಾಯ್ತು. ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗ್ತಿಲ್ಲ. ಎಲ್ಲಾ ನೋಡಿಯೇ ಮಾಡಿದ್ದೆ."

"ಪೂಜೆಗಿಟ್ಟ ದಾಸವಾಳ ತಗೊಂಡು ಬಾ. ದಿಣ್ಣೆ ಮಣ್ಣು ಒಂದು ಹಿಡಿ, ಕೆಳಗಿನ ಹೊಲದ್ದು ಒಂದು ಹಿಡಿ. ಒಂದು ನಿಂಬೆಹಣ್ಣು."

ಅಜ್ಜಯ್ಯ ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿಗೆ ಹಾಕಿ ಬಣ್ಣ ಬಿಡಿಸಿದರು. ಆ ನೀರನ್ನು ಮೂರು ಬಟ್ಟಲಿಗೆ ಹೊಯ್ದರು. ಮೊದಲನೆಯದಕ್ಕೆ ನಿಂಬೆ ಹಿಂಡಿದರು. ನೀರು ಕೆಂಪಗೆ ಹೊಳೆಯಿತು. ಎರಡನೆಯದಕ್ಕೆ ದಿಣ್ಣೆಯ ಮಣ್ಣು ಹಾಕಿ ಕಲಕಿದರು, ಮೂರನೆಯದಕ್ಕೆ ಹೊಲದ ಮಣ್ಣು. ಮಣ್ಣು ತಳಕ್ಕಿಳಿಯುವವರೆಗೆ ಕಾದರು.

ಹೊಲದ ಬಟ್ಟಲಿನ ನೀರು ಮಂಕಾಗಿ ನೇರಳೆಯತ್ತ ವಾಲಿತ್ತು. ದಿಣ್ಣೆಯ ಬಟ್ಟಲು ನಿಂಬೆಯ ಬಟ್ಟಲಿನ ಕಡೆಗೇ ಸೇರಿತ್ತು, ಕೆಂಪೋ ಕೆಂಪು.

ಸೋಮಲಿಂಗ ಎರಡು ಬಟ್ಟಲನ್ನೂ ಪಕ್ಕಪಕ್ಕ ಹಿಡಿದು ನೋಡಿದ.

"ಹುಳಿ," ಎಂದ.

"ಹೂಂ. ಮಣ್ಣಲ್ಲಿದ್ದ ಸತ್ವಾನೆಲ್ಲ ಮಳೆ ತೊಳ್ಕೊಂಡು ಹೋಗಿ ಹುಳಿ ಉಳಿದೈತೆ. ಅದು ಬೇರಿನ ತುದಿ ಸುಡ್ತದೆ."

"ಅದಕ್ಕೇ ಅಲ್ಲಿ ಹುಳ ಇಲ್ವಾ?"

"ಬೇರೇ ಬದುಕದ ಕಡೆ ಬೇರು ತಿನ್ನೋ ಹುಳಕ್ಕೇನು ಕೆಲಸ? ಹುಳ ಇಲ್ಲ ಅಂತ ನೋಡಿದೆ. ಯಾಕಿಲ್ಲ ಅಂತ ನೋಡ್ಲಿಲ್ಲ."

ಇನ್ನು ಏನು ಮಾಡಬೇಕೆಂದು ಸೋಮಲಿಂಗ ಕೇಳಿದ. ಹಳೆಯ ಹೊಲವೂ ಹುಳಿಯಾಗುತ್ತ ಬಂದಿತ್ತು, ಸುಣ್ಣ, ಬೂದಿ ಆ ಹುಳಿಯನ್ನು ಮುರಿದಿವೆ, ಪೈರನ್ನೆಲ್ಲ ಕಿತ್ತು ಅಲ್ಲಿಗೇ ನಾಟಿ ಮಾಡು ಎಂದರು ಅಜ್ಜಯ್ಯ.

"ಅಲ್ಲಿ ಹುಳ ಇವೆಯಲ್ಲ. ತಿಂದುಹಾಕ್ತಾವೆ."

"ದಿಣ್ಣೆಯಲ್ಲಿ ಯಾರು ತಿಂತಿದಾರೆ?"

"ಯಾರೂ ಇಲ್ಲ."

"ಮತ್ತೆ ಯಾಕೆ ಸಾಯ್ತಾ ಐತೆ?"

ಅವನು ಎದ್ದು ದಿಣ್ಣೆಗೆ ಹೋದ.

ಮೊಂಡು ಬೇರಿನ ಪೈರುಗಳನ್ನು ಎಳೆಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ತಂದ. ಸುಣ್ಣ, ಬೂದಿ ತಿಂದು ಮೆತ್ತಗಾಗಿದ್ದ ಮಣ್ಣಿನಲ್ಲಿ ಒಂದೊಂದಾಗಿ ಊರಿದ. ಚೌಡಮ್ಮ ಪಕ್ಕದ ಸಾಲು ಹಿಡಿದಳು.

ಎಷ್ಟೋ ಪೈರು ಬಾಡಿಹೋದವು. ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಲು ಅವನಿಗೆ ಭಯ. ಹೋಗದಿದ್ದರೆ ಇನ್ನೂ ಭಯ. ಒಂದು ದಿನ ತಡೆಯಲಾರದೆ ಒಂದು ಪೈರಿನ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ, ಭೂತಗನ್ನಡಿ ಹಿಡಿದು ನೋಡಿದ. ಮೊಂಡು ಬೇರಿನ ಪಕ್ಕದಿಂದ ಬೆಳ್ಳಗೆ ಹೊಸ ಬೇರು ಹೊರಟಿತ್ತು. ಅವನ ಕಣ್ಣಲ್ಲಿ ನೀರು ತುಂಬಿ ಗಾಜು ಮಸುಕಾಯಿತು.

ಅಲ್ಲಿಂದ ಮುಂದೆ ರಾಗಿ ಹಿಂದೆ ತಿರುಗಿ ನೋಡಲಿಲ್ಲ. ಬುಡದಿಂದ ಹೊಸ ಕವಲು ಬಂದು ತೆಂಡೆ ಒಡೆಯಿತು, ಮೊಣಕಾಲು ದಾಟಿತು, ಸೊಂಟಕ್ಕೆ ಬಂತು. ಉಳಿದ ಗಿಡಗಳು ಅರ್ಧ ಹೊಲವನ್ನಷ್ಟೇ ತುಂಬಿದ್ದವು, ಆದರೆ ಒಂದೊಂದು ತೆನೆಯೂ ಹಿಡಿದ ಮುಷ್ಟಿಯೇ. ಇಂಥ ತೆನೆಯನ್ನು ತವರು ಬಿಟ್ಟ ಮೇಲೆ ನೋಡಿರಲಿಲ್ಲ ಎಂದು ಚೌಡಮ್ಮ ದೋಣಿಯವರಿಗೆಲ್ಲ ಹೇಳಿಕೊಂಡು ಬಂದಳು.

ಕೊಯ್ಲಾಯಿತು. ಕಣದಲ್ಲಿ ಬಡಿದು, ತೂರಿ, ಮೊದಲು ಬೀಜದ ಕುಕ್ಕೆಯನ್ನು ತುಂಬಿದರು. ಅದು ಬಾಯಿತನಕ ತುಂಬಿ ಇನ್ನೊಂದು ಕುಕ್ಕೆ ಬೇಕಾಯಿತು. ಎರಡನೆಯದನ್ನು ಚೌಡಮ್ಮ ಹೊಳೆಯಾಚೆಯ ನಾಲ್ಕು ಮನೆಗೆ ಹಂಚಿದಳು. ಇನ್ನು ಮೇಲೆ ಒಂದೇ ಹೊಲವನ್ನು ನೆಚ್ಚಿ ಕೂರುವುದು ಬೇಡ ಎಂದಳು. ಸಂಜೆ ಸೋಮಲಿಂಗನ ಚೊಂಬಿಗೆ ಅವನು ಕೇಳದೆಯೇ ಇನ್ನೊಂದು ಸೌಟು ಅಂಬಲಿ ಬಿಟ್ಟಳು.

ಸೋಮಲಿಂಗನಿಗೆ ಒಂದು ಮಾತ್ರ ಕೊರೆಯುತ್ತಿತ್ತು. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಹೊಲದ ಕೂಳೆ ಕಿತ್ತು, ಬಟ್ಟೆಯಲ್ಲಿ ಕಟ್ಟಿ, ಬಟ್ಟಲಿಗೆ ಇಳಿಬಿಟ್ಟ. ಬೆಳಿಗ್ಗೆ ನೋಡಿದವನು ಗಾಜನ್ನು ಹಿಡಿದುಕೊಂಡೇ ಅಜ್ಜಯ್ಯನ ಬಳಿಗೆ ಬಂದ. ಅಜ್ಜಯ್ಯ ಜಗುಲಿಯಲ್ಲಿ ಕೂತು ಬೂದಿ ಜರಡಿ ಹಿಡಿಯುತ್ತಿದ್ದರು.

"ಹುಳ ಕಮ್ಮಿಯಾಗಿಲ್ಲ, ಅಜ್ಜಯ್ಯ. ಮುಂಚೆಗಿಂತ ಜಾಸ್ತಿಯಾಗಿವೆ."

"ಬೇರು?"

"ಬೇರೂ ಜಾಸ್ತಿಯಾಗಿದೆ. ಗಂಟಿದೆ, ಆದ್ರೆ ಗಂಟು ದಾಟಿ ಮುಂದೆ ಹೋಗಿದೆ."

"ಕುಕ್ಕೆ?"

"ತುಂಬಿದೆ."

ಅಜ್ಜಯ್ಯ ಜರಡಿ ಆಡಿಸುತ್ತಲೇ ಇದ್ದರು. ಹುಳಿ ಮಣ್ಣಲ್ಲಿ ಬಡವಾದ ಬೇರಿಗೆ ನಾಲ್ಕು ಹುಳವೂ ಹೆಚ್ಚು, ಗಟ್ಟಿ ಬೇರಿಗೆ ಅದರ ಲೆಕ್ಕವಿಲ್ಲ ಎಂದು ಸೋಮಲಿಂಗ ತಾನೇ ಹೇಳಿದ. ಅವರು ಹೂಂ ಎಂದರು.

ಅಷ್ಟರಲ್ಲಿ ದೋಣಿ ಬಂತು. ಗುಡಾಣದ ಸುತ್ತ ಜನ ಮುಗಿಬಿದ್ದರು. ಯಾರದೋ ಮಗು ಕಿರುಚಿತು, ಯಾರೋ ಇಬ್ಬರು ತಾನು ಮೊದಲು ಬಂದೆ, ತಾನು ಮೊದಲು ಬಂದೆ ಎಂದು ಜಗಳಕ್ಕೆ ನಿಂತರು. ಚೌಡಮ್ಮನ ದನಿ ಎಲ್ಲರಿಗಿಂತ ಮೇಲಿತ್ತು.

ಸೋಮಲಿಂಗ ಭೂತಗನ್ನಡಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡ. ಮೊಳೆಗೆ ತೂಗುಹಾಕಿದ್ದ ಸೌಟನ್ನು ತೆಗೆದುಕೊಂಡು ಗದ್ದಲದ ಕಡೆಗೆ ಹೊರಟ.

ಅಜ್ಜಯ್ಯ ಹಿಂದಿನಿಂದ ಕೂಗಿದರು.

"ಸೋಮಲಿಂಗ, ದಿಣ್ಣೆಯಲ್ಲಿ ಈಗ್ಲೂ ಒಂದೂ ಹುಳ ಇಲ್ಲ. ಗುಡಿಸಲು ಅಲ್ಲೇ ಹಾಕಿಸಿಕೊಡ್ಲಾ?"